ನೊರೆಯಲ್ಲಿ ಕಲ್ಲಿದ್ದಲಿನ ಪುಡಿ ತೊಳೆಯುವುದು ಹೇಗೆ: ಮೊದಲ ಸಲ ಲ್ಯಾಬಿನಲ್ಲಿ ಮಾಡುವವರಿಗೆ

ಆಲೆಮನೆ ನೋಡಿದವರಿಗೆ ಈ ಕೆಲಸ ಅರ್ಥ ಆಗುವುದು ಸುಲಭ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕಾಯುತ್ತಾ ಬಂದ ಹಾಗೆ ಹೊಲಸೆಲ್ಲ ನೊರೆಯ ಜೊತೆ ಮೇಲೆ ಬರುತ್ತದೆ. ಒಬ್ಬರು ಪಕ್ಕದಲ್ಲೇ ನಿಂತು ಅದನ್ನು ತೆಗೆದು ತೆಗೆದು ಹಾಕುತ್ತಾರೆ. ಕೆಳಗೆ ಉಳಿದದ್ದು ಜೋನಿ ಬೆಲ್ಲ ಆಗುತ್ತದೆ. ಕಲ್ಲಿದ್ದಲಿನ ಪುಡಿ ತೊಳೆಯುವಾಗಲೂ ಹೀಗೇ ನೊರೆ ತೆಗೆಯುತ್ತೇವೆ. ಆದರೆ ಇಲ್ಲಿ ನೊರೆಯೇ ಬೇಕಾದ ಮಾಲು, ಕೆಳಗೆ ಉಳಿಯುವುದು ಕಸ.

ಶಿರಸಿ ಬಿಟ್ಟು ಹೋಗಿ ಜಾರ್ಖಂಡಿನ ಝರಿಯಾ ಕಡೆಯ ಒಂದು ಕೋಲ್ ವಾಷರಿಯ, ಅಂದರೆ ಕಲ್ಲಿದ್ದಲು ತೊಳೆಯುವ ಕಾರ್ಖಾನೆಯ ಲ್ಯಾಬಿನಲ್ಲಿ ನಾನು ತುಂಬಾ ವರ್ಷ ಕೆಲಸ ಮಾಡಿದೆ. ಈಗ ಊರಿಗೆ ಬಂದು ತೋಟ ನೋಡಿಕೊಂಡಿದ್ದೇನೆ. ನಮ್ಮ ಜಿಲ್ಲೆಯಲ್ಲಿ ಕಲ್ಲಿದ್ದಲೂ ಇಲ್ಲ, ವಾಷರಿಯೂ ಇಲ್ಲ. ಆದರೂ ಕಾರವಾರದಿಂದ, ಶಿರಸಿಯಿಂದ ಪ್ರಾಜೆಕ್ಟ್ ಮಾಡುವ ಹುಡುಗರು, ಹುಡುಗಿಯರು ವರ್ಷಕ್ಕೆ ನಾಲ್ಕೈದು ಜನ ಬಂದು ಕೇಳುತ್ತಾರೆ. ಮುಂದೆ ತೋರಣಗಲ್ಲಿಗೋ ಜಮ್ಶೆಡ್‌ಪುರಕ್ಕೋ ಉಕ್ಕಿನ ಕೆಲಸಕ್ಕೆ ಹೋಗುವವರು ಅವರು. ಪ್ರತಿಯೊಬ್ಬರಿಗೂ ಬಾಯಲ್ಲಿ ಹೇಳುತ್ತಿದ್ದದ್ದನ್ನು ಈಗ ಬರೆದು ಇಡುತ್ತಿದ್ದೇನೆ.

ಮೊದಲು ವಿಷಯ ಏನು ಅಂತ

ದಪ್ಪ ಕಲ್ಲಿದ್ದಲನ್ನು ತೂಕದ ವ್ಯತ್ಯಾಸದಿಂದ ತೊಳೆಯುತ್ತಾರೆ. ಒಳ್ಳೆ ಕಲ್ಲಿದ್ದಲಿನ ಸಾಂದ್ರತೆ ಸುಮಾರು 1.3 ರಿಂದ 1.4. ಅದರ ಜೊತೆ ಬರುವ ಶೇಲ್ ಕಲ್ಲು 2ಕ್ಕಿಂತ ಜಾಸ್ತಿ. ಹಾಗಾಗಿ ಇವೆರಡರ ನಡುವಿನ ಸಾಂದ್ರತೆಯ ದ್ರವಕ್ಕೆ ಹಾಕಿದರೆ ಒಂದು ತೇಲುತ್ತದೆ, ಇನ್ನೊಂದು ಮುಳುಗುತ್ತದೆ. ಆದರೆ ಅರ್ಧ ಮಿಲಿಮೀಟರಿಗಿಂತ ಸಣ್ಣ ಪುಡಿಯಲ್ಲಿ ಈ ಉಪಾಯ ಸರಿಯಾಗಿ ನಡೆಯುವುದಿಲ್ಲ. ಎರಡೂ ನೀರಿನಲ್ಲಿ ನಿಧಾನಕ್ಕೆ ಇಳಿಯುತ್ತಾ ಕಲೆಸಿಕೊಂಡೇ ಇರುತ್ತವೆ. ಅಲ್ಲಿ ಬೇರೆ ಗುಣ ಹಿಡಿಯಬೇಕು.

ಆ ಗುಣ ನಮಗೆಲ್ಲ ಗೊತ್ತಿದ್ದದ್ದೇ. ಕೆಸುವಿನ ಎಲೆ ಮೇಲೆ ನೀರು ಹಾಕಿದರೆ ಮುತ್ತಿನ ಹಾಗೆ ಉರುಳಿ ಹೋಗುತ್ತದೆ, ಎಲೆ ಒದ್ದೆ ಆಗುವುದಿಲ್ಲ. ಒಳ್ಳೆ ಕಲ್ಲಿದ್ದಲಿನ ಮೈಯೂ ಅದೇ ಜಾತಿ. ನೀರನ್ನು ಅಷ್ಟಾಗಿ ಹತ್ತಿರ ಸೇರಿಸುವುದಿಲ್ಲ, ಎಣ್ಣೆಯನ್ನೂ ಗಾಳಿಗುಳ್ಳೆಯನ್ನೂ ಅಂಟಿಸಿಕೊಳ್ಳುತ್ತದೆ. ಜೇಡಿ, ಮರಳು, ಶೇಲ್ ಹಾಗಲ್ಲ. ಅವಕ್ಕೆ ನೀರು ಬೇಕು, ಗುಳ್ಳೆ ಬೇಡ. ಕೆಸರಿನೊಳಗೆ ಸಣ್ಣ ಗುಳ್ಳೆ ಬಿಟ್ಟರೆ ಕಲ್ಲಿದ್ದಲಿನ ಕಣಗಳು ಗುಳ್ಳೆಗೆ ಅಂಟಿ ಮೇಲೆ ಬರುತ್ತವೆ, ಉಳಿದದ್ದು ಕೆಳಗೇ ಇರುತ್ತದೆ. ಇದಕ್ಕೆ ಫ್ರಾತ್ ಫ್ಲೋಟೇಶನ್ ಅನ್ನುತ್ತಾರೆ.

ಇದರ ಮೊದಲ ಪೇಟೆಂಟ್ ಕೂಡ ಇಂಗಾಲದ್ದೇ. 1877ರಲ್ಲಿ ಜರ್ಮನಿಯ ಡ್ರೆಸ್ಡೆನ್‌ನ ಬೆಸೆಲ್ ಸಹೋದರರು ಗ್ರಾಫೈಟ್ ಶುದ್ಧ ಮಾಡಲು ಪೇಟೆಂಟ್ ಪಡೆದರು. ಗ್ರಾಫೈಟ್ ಪುಡಿಗೆ ಎಣ್ಣೆ, ನೀರು ಸೇರಿಸಿ ಕುದಿಸುವುದು ಅವರ ಕ್ರಮ. ಕುದಿಯುವಾಗ ಏಳುವ ಗುಳ್ಳೆಗಳೇ ಗ್ರಾಫೈಟನ್ನು ಮೇಲೆ ತರುತ್ತಿದ್ದವು. ಅದನ್ನು ಮೊದಲು ಓದಿದಾಗ ನನಗೆ ನೆನಪಾದದ್ದು ನಮ್ಮ ಆಲೆಮನೆ ಕೊಪ್ಪರಿಗೆ.

ಲ್ಯಾಬಿಗೆ ಇಳಿಯುವ ಮೊದಲು ಮನೆಯಲ್ಲೇ ಒಂದು ಸಣ್ಣ ಪರೀಕ್ಷೆ ಮಾಡಿ. ಗಾಜಿನ ಬಾಟಲಿಗೆ ಒಂದು ಚಮಚ ನುಣ್ಣಗಿನ ಕಲ್ಲಿದ್ದಲು ಪುಡಿ, ಅರ್ಧ ಚಮಚ ಶೇಡಿ ಮಣ್ಣು, ಮುಕ್ಕಾಲು ಬಾಟಲಿ ನೀರು ಹಾಕಿ ಕುಲುಕಿ. ಎಲ್ಲ ಒಂದೇ ಬೂದು ಬಣ್ಣ. ಈಗ ಮೂರು ಹನಿ ಡೀಸೆಲ್ ಬಿಟ್ಟು ಮುಚ್ಚಳ ಬಿಗಿ ಮಾಡಿ ಎರಡು ನಿಮಿಷ ಜೋರಾಗಿ ಕುಲುಕಿ, ಮೇಜಿನ ಮೇಲಿಡಿ. ಕರಿ ಪುಡಿ ಗಾಳಿಯನ್ನು ಹಿಡಿದುಕೊಂಡು ಮೇಲೆ ಉಂಗುರದ ಹಾಗೆ ಕೂರುತ್ತದೆ. ಕೆಳಗಿನ ನೀರು ಹಾಲಿನ ಹಾಗೆ ಬೆಳ್ಳಗಾಗುತ್ತಾ ಬರುತ್ತದೆ. ಕಳೆದ ವರ್ಷ ಪಕ್ಕದ ಮನೆಯ ಹುಡುಗಿ ಇದನ್ನು ನೋಡಿ "ಮಾವ, ಶೇಡಿ ಎಂತಕ್ಕೆ ಮೇಲೆ ಬರಲಿಲ್ಲ?" ಅಂತ ಕೇಳಿದಳು. ಸರಿಯಾದ ಪ್ರಶ್ನೆ. ಶೇಡಿಯ ಮೈ ನೀರನ್ನು ಹಿಡಿದುಕೊಂಡಿದೆ, ಎಣ್ಣೆಗೂ ಗುಳ್ಳೆಗೂ ಅಲ್ಲಿ ಜಾಗ ಇಲ್ಲ.

ಬೇಕಾಗುವ ಸಾಮಾನು

ಲ್ಯಾಬ್ ಫ್ಲೋಟೇಶನ್ ಸೆಲ್ ಒಂದು, ಎರಡೂವರೆ ಲೀಟರಿನ ತೊಟ್ಟಿ ಇದ್ದರೆ ಸಾಕು. ಮೇಲಿನಿಂದ ಇಳಿಯುವ ಇಂಪೆಲ್ಲರ್ (ತಿರುಗುವ ರೆಕ್ಕೆ), ಗಾಳಿ ಬಿಡಲು ಒಂದು ವಾಲ್ವ್, ನೊರೆ ಹೊರಗೆ ಬೀಳಲು ಒಂದು ಅಂಚು, ಇಷ್ಟೇ ಅದರ ಕಟ್ಟು. 500 ಮೈಕ್ರಾನ್ (ಅರ್ಧ ಮಿಲಿಮೀಟರ್) ಮತ್ತು 212 ಮೈಕ್ರಾನ್ ಜರಡಿ, ಸ್ಟಾಪ್‌ವಾಚ್, ಅಲ್ಯೂಮಿನಿಯಂ ಟ್ರೇ ಆರೇಳು, ತೂಕದ ಯಂತ್ರ, ಫಿಲ್ಟರ್ ಪೇಪರ್ ಮತ್ತು ವ್ಯಾಕ್ಯೂಮ್ ಪಂಪ್, ಒಣಗಿಸುವ ಓವನ್, ಮಫಲ್ ಫರ್ನೇಸ್ (ಸುಟ್ಟು ಬೂದಿ ಮಾಡುವ ಕುಲುಮೆ), ಡೆಸಿಕೇಟರ್ (ತೇವ ತಾಗದ ಹಾಗೆ ತಣಿಸುವ ಮುಚ್ಚಿದ ಪಾತ್ರೆ). ಔಷಧ ಎರಡೇ: ಡೀಸೆಲ್ ಮತ್ತು ಎಂಐಬಿಸಿ, ಅಂದರೆ ಮಿಥೈಲ್ ಐಸೋಬ್ಯುಟೈಲ್ ಕಾರ್ಬಿನಾಲ್. ಡೀಸೆಲ್ ಕಲ್ಲಿದ್ದಲಿನ ಮೈಗೆ ಹತ್ತಿ ಗುಳ್ಳೆ ಅಂಟಲು ಸಹಾಯ ಮಾಡುತ್ತದೆ, ಅದಕ್ಕೆ ಕಲೆಕ್ಟರ್ ಅನ್ನುತ್ತಾರೆ. ಎಂಐಬಿಸಿ ಗುಳ್ಳೆಯನ್ನು ಸಣ್ಣದಾಗಿ ಇಟ್ಟು ನೊರೆ ಬೇಗ ಒಡೆಯದ ಹಾಗೆ ನೋಡಿಕೊಳ್ಳುತ್ತದೆ, ಅದು ಫ್ರಾದರ್. ಹಳೆಯ ಕಾಲದಲ್ಲಿ ಪೈನ್ ಎಣ್ಣೆ ಬಳಸುತ್ತಿದ್ದರು, ಈಗಲೂ ಕೆಲವು ಕಡೆ ಇದೆ.

ಎಂಐಬಿಸಿ ಸುಲಭವಾಗಿ ಬೆಂಕಿ ಹತ್ತುವ ದ್ರವ, ವಾಸನೆ ಗಾಢ, ಕಣ್ಣು ಉರಿಯುತ್ತದೆ. ಕಿಟಕಿ ತೆಗೆದಿಡಿ, ಕನ್ನಡಕ ಹಾಕಿ, ಫರ್ನೇಸ್ ಹತ್ತಿರ ಬಾಟಲಿ ಇಡಬೇಡಿ. ಕಲ್ಲಿದ್ದಲು ಪುಡಿ ಮಾಡುವಾಗ ಮಾಸ್ಕ್ ಬೇಕೇ ಬೇಕು.

ಸ್ಯಾಂಪಲ್: ಇಲ್ಲಿ ತಪ್ಪಿದರೆ ಮುಂದೆ ಏನು ಮಾಡಿದರೂ ಸರಿ ಆಗುವುದಿಲ್ಲ

ಕಲ್ಲಿದ್ದಲು ಗಾಳಿಗೆ ಹಳಸುತ್ತದೆ. ಆಮ್ಲಜನಕ ಮೈಗೆ ಹತ್ತಿದ ಮೇಲೆ ಆ ಕೆಸುವಿನೆಲೆ ಗುಣ ಹೋಗಿಬಿಡುತ್ತದೆ. ನೀರು ಹೀರಿಕೊಳ್ಳುತ್ತದೆ, ಎಣ್ಣೆ ಹಿಡಿಯುವುದಿಲ್ಲ. ನಮ್ಮ ಮಳೆಗಾಲದಲ್ಲಂತೂ ಇದು ಬೇಗ. ಊರಿಗೆ ಬಂದ ಮೊದಲ ವರ್ಷ ನಾನೇ ಈ ತಪ್ಪು ಮಾಡಿದೆ. ಪುಡಿ ಮಾಡಿದ ಐದು ಕಿಲೋ ಸ್ಯಾಂಪಲನ್ನು ಕೊಟ್ಟಿಗೆ ಅಟ್ಟದ ಮೇಲೆ ತಗಡಿನ ಡಬ್ಬದಲ್ಲಿಟ್ಟಿದ್ದೆ, ಮುಚ್ಚಳ ಸಡಿಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಹಾಗೇ ಇತ್ತು. ದೀಪಾವಳಿ ಹೊತ್ತಿಗೆ ತೆಗೆದು ಸೆಲ್ಲಿಗೆ ಹಾಕಿದರೆ, ಮೊದಲು ಸಲೀಸಾಗಿ ತೇಲಿದ್ದ ಅದೇ ಕಲ್ಲಿದ್ದಲಿಗೆ ಡೀಸೆಲ್ ಎರಡು ಪಟ್ಟು ಹಾಕಿದರೂ ನೊರೆ ಬಿಳೀ ಬಿಳೀ. ಬಂದಿದ್ದ ಇಬ್ಬರು ಹುಡುಗರ ಇಡೀ ದಿನ ಹಾಳಾಯಿತು.

ಅಂದಿನಿಂದ ಹೀಗೆ ಮಾಡುತ್ತೇನೆ. ಕಲ್ಲಿದ್ದಲನ್ನು ಉಂಡೆಯಾಗಿಯೇ ಇಡುವುದು. ಗಾಳಿ ಆಡದ ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಸಾಧ್ಯ ಇದ್ದರೆ ಫ್ರಿಜ್ಜಿನ ಫ್ರೀಜರಿನಲ್ಲಿ. ಪರೀಕ್ಷೆ ಮಾಡುವ ದಿನವೇ ಪುಡಿ. ಒಂದೇ ಸಲ ಕುಟ್ಟಿ ನುಣ್ಣಗೆ ಮಾಡಬೇಡಿ. ಸ್ವಲ್ಪ ಕುಟ್ಟಿ, 500 ಮೈಕ್ರಾನ್ ಜರಡಿ ಹಿಡಿದು, ಮೇಲೆ ಉಳಿದದ್ದನ್ನು ಮಾತ್ರ ಮತ್ತೆ ಕುಟ್ಟಿ. ಹೀಗೆ ಎಲ್ಲ ಇಳಿಯುವ ತನಕ. ಜಾಸ್ತಿ ನುಣ್ಣಗಾದರೆ ತೊಂದರೆ ಏನು ಅಂದರೆ, ತೀರಾ ಸಣ್ಣ ಕಣ ನೀರಿನ ಹರಿವಿನ ಜೊತೆ ಗುಳ್ಳೆಯ ಪಕ್ಕದಿಂದ ಜಾರಿ ಹೋಗುತ್ತದೆ, ಗುಳ್ಳೆಗೆ ಡಿಕ್ಕಿಯೇ ಹೊಡೆಯುವುದಿಲ್ಲ. ತೀರಾ ದಪ್ಪ ಆದರೆ ಅಂಟಿದ್ದೂ ಭಾರಕ್ಕೆ ಕಳಚಿ ಬೀಳುತ್ತದೆ.

ಪುಡಿಯನ್ನು ಪ್ಲಾಸ್ಟಿಕ್ ಹಾಳೆ ಮೇಲೆ ಗುಡ್ಡೆ ಹಾಕಿ, ಮೇಲಿನಿಂದ ಒತ್ತಿ ಚಪ್ಪಟೆ ಮಾಡಿ, ನಾಲ್ಕು ಪಾಲು ಮಾಡಿ. ಎದುರುಬದುರಿನ ಎರಡು ಪಾಲು ಇಟ್ಟುಕೊಂಡು ಉಳಿದೆರಡನ್ನು ಪಕ್ಕಕ್ಕೆ ಸರಿಸಿ. ಮತ್ತೆ ಗುಡ್ಡೆ, ಮತ್ತೆ ನಾಲ್ಕು ಪಾಲು. 200 ಗ್ರಾಮಿನ ಪೊಟ್ಟಣಗಳು ಆರು ಸಿಗುವ ಹಾಗೆ ಮಾಡಿಕೊಳ್ಳಿ. ಡಬ್ಬದ ಮೇಲಿನಿಂದ ಸುಮ್ನೆ ಬಾಚಿ ತೆಗೆದರೆ ಒಂದು ಪೊಟ್ಟಣದಲ್ಲಿ ಬೂದಿ (ಕಲ್ಲಿದ್ದಲು ಸುಟ್ಟ ಮೇಲೆ ಉಳಿಯುವ ಕಸದ ಭಾಗ) ಜಾಸ್ತಿ, ಇನ್ನೊಂದರಲ್ಲಿ ಕಡಿಮೆ ಬರುತ್ತದೆ. ಆಮೇಲೆ ವ್ಯತ್ಯಾಸ ಡೀಸೆಲಿನದ್ದೋ ಪೊಟ್ಟಣದ್ದೋ ಗೊತ್ತಾಗುವುದಿಲ್ಲ.

ನೀರು

ಇದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ಆದರೆ ನಮ್ಮ ಕರಾವಳಿಯಲ್ಲಿ ಹಿಡಿಯಲೇಬೇಕು. ಕಾರವಾರದ ಒಂದು ತಂಡ ನಮ್ಮಲ್ಲಿಂದ ನಾಲ್ಕು ಪೊಟ್ಟಣ ತೆಗೆದುಕೊಂಡು ಹೋಗಿ ಅಲ್ಲೇ ಪರೀಕ್ಷೆ ಮಾಡಿತು. ಫೋನ್ ಮಾಡಿ, "ಸರ್, ಫ್ರಾದರ್ ಹಾಕುವ ಮೊದಲೇ ನೊರೆ ಬರ್ತಾ ಇದೆ" ಅಂದರು. ಸೆಲ್ಲಿಗೆ ಯಾವ ನೀರು ಹಾಕಿದ್ದು ಅಂತ ಕೇಳಿದೆ. ಸಮುದ್ರದ ಹತ್ತಿರದ ಬಾವಿ ನೀರು, ಬಾಯಿಗಿಟ್ಟರೆ ಸವುಳು. ಅಲ್ಲೇ ಇತ್ತು ಉತ್ತರ. ಉಪ್ಪು ಇದ್ದ ನೀರಿನಲ್ಲಿ ಗುಳ್ಳೆಗಳು ಒಂದಕ್ಕೊಂದು ಸೇರಿ ದೊಡ್ಡದಾಗುವುದು ಕಡಿಮೆ. ಕಡಲ ದಂಡೆಯಲ್ಲಿ ಅಲೆ ಒಡೆದಾಗ ಏಳುವ ಬಿಳಿ ನೊರೆ ನೋಡಿ, ಹೊಳೆ ನೀರು ಎತ್ತರದಿಂದ ಬಿದ್ದರೂ ಅಷ್ಟು ನುಣುಪಾದ ನೊರೆ ನಿಲ್ಲುವುದಿಲ್ಲ. ಉಪ್ಪು ನೀರಿನಲ್ಲಿ ಕಲ್ಲಿದ್ದಲು ಚೆನ್ನಾಗಿಯೇ ತೇಲುತ್ತದೆ. ಅದು ದೋಷ ಅಲ್ಲ. ಆದರೆ ಸಿಹಿ ನೀರಿನ ಫಲಿತಾಂಶದ ಜೊತೆ ಅದನ್ನು ಹೋಲಿಸುವ ಹಾಗಿಲ್ಲ. ಎಲ್ಲ ಪರೀಕ್ಷೆಗೂ ಒಂದೇ ನೀರು, ಒಂದೇ ದಿನ ತುಂಬಿಟ್ಟದ್ದು. ಪಿಎಚ್ ಮತ್ತು ಕಂಡಕ್ಟಿವಿಟಿ ಅಳೆದು ಪುಸ್ತಕದಲ್ಲಿ ಬರೆಯಿರಿ. ಸೋಪು ಹಾಕಿ ತೊಳೆದ ಬಕೆಟ್ ಇದ್ದರೆ ಹತ್ತು ಸಲ ಗಲಬರಿಸಿ.

ನೆನೆಸುವುದು, ಎಣ್ಣೆ ಹಾಕುವುದು

200 ಗ್ರಾಂ ಪುಡಿಗೆ ಎರಡು ಲೀಟರ್ ನೀರು. ತೂಕದಲ್ಲಿ ಶೇಕಡಾ 9ರಷ್ಟು ಕಲ್ಲಿದ್ದಲು ಆಯಿತು. ವಾಷರಿಗಳಲ್ಲೂ ಹೆಚ್ಚುಕಡಿಮೆ ಶೇಕಡಾ 5ರಿಂದ 15ರ ಒಳಗೇ ಇರುತ್ತದೆ. ಮೊದಲು ಅರ್ಧ ಲೀಟರ್ ನೀರಿನಲ್ಲಿ ಪುಡಿಯನ್ನು ಕೈಯಿಂದ ಕಲೆಸಿ. ಒಣ ಪುಡಿ ಗಾಳಿ ಹಿಡಿದು ಗಂಟು ಕಟ್ಟಿಕೊಂಡಿರುತ್ತದೆ, ಗಂಟು ಪೂರ್ತಿ ಒಡೆಯಬೇಕು. ಆಮೇಲೆ ಸೆಲ್ಲಿಗೆ ಸುರಿದು, ಉಳಿದ ನೀರು ಹಾಕಿ, ಗಾಳಿ ವಾಲ್ವ್ ಮುಚ್ಚಿ, ಇಂಪೆಲ್ಲರನ್ನು ನಿಮಿಷಕ್ಕೆ 1200 ಸುತ್ತಿನ ಹತ್ತಿರ ಇಟ್ಟು ಐದು ನಿಮಿಷ ತಿರುಗಿಸಿ. ಈ ಐದು ನಿಮಿಷ ಬಿಟ್ಟವರೇ ಜಾಸ್ತಿ. ಜೇಡಿ ನೆನೆದು ಕಲ್ಲಿದ್ದಲಿನ ಮೈ ಬಿಟ್ಟು ಕಳಚಬೇಕಾದರೆ ಅಷ್ಟು ಹೊತ್ತು ಬೇಕು.

ಈಗ ಡೀಸೆಲ್. ಪುಸ್ತಕದಲ್ಲಿ ಟನ್ನಿಗೆ ಅರ್ಧ ಕಿಲೋ ಅಂತ ಬರೆದಿರುತ್ತದೆ. ನಮ್ಮ ಹತ್ತಿರ ಇರುವುದು 200 ಗ್ರಾಂ. ಲೆಕ್ಕ ಹಾಕಿದರೆ ಬೇಕಾಗುವುದು 0.1 ಗ್ರಾಂ ಡೀಸೆಲ್, ಅಂದರೆ 0.12 ಮಿಲಿಲೀಟರ್. ಪಿಪೆಟ್ಟಿನಲ್ಲಿ ಇದನ್ನು ಅಳೆಯುವುದು ಕಷ್ಟ. ಮೈಕ್ರೋ ಸಿರಿಂಜ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಮೆಡಿಕಲ್ ಶಾಪಿನಲ್ಲಿ ಸಿಗುವ ಇನ್ಸುಲಿನ್ ಸಿರಿಂಜ್ ಸಾಕು. ಕೆಂಪು ಮುಚ್ಚಳದ ಯು-40 ಸಿರಿಂಜಿನಲ್ಲಿ ಒಂದು ಮಿಲಿಲೀಟರಿಗೆ 40 ಗೆರೆ. ಒಂದು ಗೆರೆ ಅಂದರೆ 0.025 ಮಿಲಿಲೀಟರ್. ಡೀಸೆಲ್ ಐದು ಗೆರೆ ಹಾಕಿದರೆ ಟನ್ನಿಗೆ ಅರ್ಧ ಕಿಲೋಕ್ಕೆ ಸರಿಹೋಯಿತು. ಯು-100 ಸಿರಿಂಜ್ ಕೈಗೆ ಬಂದರೆ ಗೆರೆಯ ಲೆಕ್ಕ ಬೇರೆ, ನೋಡಿಕೊಳ್ಳಿ. ಡೀಸೆಲ್ ತಾಗಿದ ರಬ್ಬರ್ ಉಬ್ಬುತ್ತದೆ, ಹಾಗಾಗಿ ಒಂದು ದಿನ ಬಳಸಿ ಬಿಸಾಡಿ.

ಸೂಜಿಯ ತುದಿಯನ್ನು ಕೆಸರಿನೊಳಗೆ, ಇಂಪೆಲ್ಲರ್ ಹತ್ತಿರ ಇಳಿಸಿ ಒತ್ತಿ. ಮೇಲೆ ಹನಿಸಿದರೆ ಅರ್ಧ ಎಣ್ಣೆ ಸೆಲ್ಲಿನ ಗೋಡೆಗೆ ಹತ್ತುತ್ತದೆ. ಎರಡು ನಿಮಿಷ ಗಾಳಿ ಬಿಡದೆ ತಿರುಗಲಿ. ಡೀಸೆಲ್ ನೀರಿನಲ್ಲಿ ಕರಗುವ ವಸ್ತು ಅಲ್ಲ, ಅದು ಸಣ್ಣ ಸಣ್ಣ ಹನಿಯಾಗಿ ಒಡೆದು ಕಣದಿಂದ ಕಣಕ್ಕೆ ತಾಗುತ್ತಾ ಹೋಗಬೇಕು. ಚಳಿಗಾಲದ ಬೆಳಿಗ್ಗೆ ಶಿರಸಿಯ ತಣ್ಣೀರಿನಲ್ಲಿ ನಾನು ಮೂರು ನಿಮಿಷ ಕೊಡುತ್ತೇನೆ.

ಕೊನೆಗೆ ಎಂಐಬಿಸಿ, ಅದೇ ಜಾತಿಯ ಹೊಸ ಸಿರಿಂಜಿನಲ್ಲಿ ಒಂದೇ ಒಂದು ಗೆರೆ. ಟನ್ನಿಗೆ 100 ಗ್ರಾಂ ಆಯಿತು. ಎರಡು ಲೀಟರಿನಲ್ಲಿ ಲೀಟರಿಗೆ 10 ಮಿಲಿಗ್ರಾಂ. ಇದು ನೀರಿನಲ್ಲಿ ಬೇಗ ಸೇರುತ್ತದೆ, ಅರ್ಧ ನಿಮಿಷ ಸಾಕು. ಇದರ ಜೊತೆಗೇ ಒಂದು ಬಾಟಲಿಯಲ್ಲಿ ಎರಡು ಲೀಟರ್ ನೀರಿಗೆ ಒಂದು ಗೆರೆ ಎಂಐಬಿಸಿ ಹಾಕಿ ಪಕ್ಕದಲ್ಲಿಟ್ಟುಕೊಳ್ಳಿ. ನೊರೆ ತೆಗೆದ ಹಾಗೆ ಸೆಲ್ಲಿನ ನೀರು ಇಳಿಯುತ್ತದೆ. ಬರೀ ನೀರು ತುಂಬಿದರೆ ಫ್ರಾದರ್ ತೆಳುವಾಗಿ ನೊರೆ ನಡುವೆಯೇ ಸತ್ತು ಹೋಗುತ್ತದೆ. ಈ ಬಾಟಲಿ ನೀರನ್ನೇ ತುಂಬಿ.

ನೊರೆ ತೆಗೆಯುವುದು

ನಾಲ್ಕು ಟ್ರೇ ತೂಕ ಮಾಡಿ ಅಡಿಯಲ್ಲಿ ನಂಬರ್ ಬರೆದು ಸಾಲಾಗಿ ಇಡಿ. ಕೆಸರಿನ ಮಟ್ಟ ಅಂಚಿನಿಂದ ಎರಡು ಸೆಂಟಿಮೀಟರ್ ಕೆಳಗೆ ಇರಲಿ. ಗಾಳಿ ವಾಲ್ವ್ ತೆಗೆದು, ಹತ್ತು ಸೆಕೆಂಡ್ ಬಿಟ್ಟು, ಸ್ಟಾಪ್‌ವಾಚ್ ಒತ್ತಿ. ಮೊದಲ ಟ್ರೇಗೆ 15 ಸೆಕೆಂಡ್ ತನಕ, ಎರಡನೆಯದಕ್ಕೆ 30ರ ತನಕ, ಮೂರನೆಯದಕ್ಕೆ ಒಂದು ನಿಮಿಷದ ತನಕ, ನಾಲ್ಕನೆಯದಕ್ಕೆ ಮೂರು ನಿಮಿಷದ ತನಕ.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು, ಇಡೀ ಲೇಖನದಲ್ಲಿ ಇದೊಂದೇ ನೆನಪಿದ್ದರೂ ನನಗೆ ಸಾಕು. ಜೇಡಿ ಗುಳ್ಳೆಗೆ ಅಂಟಿ ಮೇಲೆ ಬರುವುದಿಲ್ಲ. ಅದು ಗುಳ್ಳೆ ಗುಳ್ಳೆಗಳ ನಡುವಿನ ನೀರಿನಲ್ಲಿ ಕುಳಿತು ಬರುತ್ತದೆ. ಬಸ್ಸಿಗೆ ಟಿಕೆಟ್ ಇಲ್ಲದೆ ಹತ್ತಿದ ಹಾಗೆ. ನೊರೆಯ ಜೊತೆ ನೀರು ಎಷ್ಟು ಬಂತೋ ಜೇಡಿಯೂ ಅಷ್ಟು ಬಂತು. ಹಾಗಾಗಿ ನೊರೆ ತೆಗೆಯುವ ಹಲಗೆಯನ್ನು ಆಳಕ್ಕೆ ಇಳಿಸಿ ಬಾಚಬೇಡಿ. ನೊರೆಯ ಮೇಲಿನ ಪದರ ಮಾತ್ರ, ಮೂರು ಸೆಕೆಂಡಿಗೆ ಒಂದು ಸಲ, ಹಗುರ ಕೈಯಿಂದ. ಆಲೆಮನೆಯಲ್ಲಿ ಕೆಳಗಿನ ಹಾಲು ಬರದ ಹಾಗೆ ಸೌಟಿನಲ್ಲಿ ನೊರೆಯಷ್ಟನ್ನೇ ತೆಗೆಯುತ್ತಾರಲ್ವಾ, ಅದೇ ಕೈ ಇಲ್ಲಿ ಬೇಕು. ನೊರೆ ದಪ್ಪವಾಗಿ ನಿಂತಷ್ಟು ಹೊತ್ತು ನಡುವಿನ ನೀರು ಕೆಳಗೆ ಬಸಿಯುತ್ತದೆ, ಜೇಡಿಯೂ ವಾಪಸ್ ಹೋಗುತ್ತದೆ.

ಟ್ರೇಗಳನ್ನು ಹಸಿಯಾಗಿ ಇರುವಾಗಲೇ ತೂಕ ಮಾಡಿ. ಒಣಗಿದ ಮೇಲೆ ಮತ್ತೆ ತೂಕ. ಎರಡರ ವ್ಯತ್ಯಾಸವೇ ನೊರೆಯಲ್ಲಿ ಬಂದ ನೀರು. ಇದನ್ನು ಹೆಚ್ಚಿನವರು ಬರೆದುಕೊಳ್ಳುವುದೇ ಇಲ್ಲ. ಒಂದು ಉದಾಹರಣೆ ತೆಗೆದುಕೊಳ್ಳಿ. ಒಂದೇ ಕಲ್ಲಿದ್ದಲು, ಒಂದೇ ಡೀಸೆಲ್. ನಿಧಾನವಾಗಿ ತೆಗೆದಾಗ 420 ಗ್ರಾಂ ನೀರು ಬಂತು, ಒಣ ಕಲ್ಲಿದ್ದಲು 130 ಗ್ರಾಂ, ಅದರ ಬೂದಿ ಶೇಕಡಾ 15. ಅವಸರದಲ್ಲಿ ಆಳಕ್ಕೆ ಬಾಚಿದಾಗ 760 ಗ್ರಾಂ ನೀರು, ಕಲ್ಲಿದ್ದಲು 140 ಗ್ರಾಂ, ಬೂದಿ ಶೇಕಡಾ 18. ಹತ್ತು ಗ್ರಾಂ ಜಾಸ್ತಿ ಸಿಕ್ಕಿತು ಅಂತ ಖುಷಿಪಡುವ ಮೊದಲು ಲೆಕ್ಕ ಹಾಕಿ. ಮೊದಲನೆಯದರಲ್ಲಿ ಬೂದಿ 19.5 ಗ್ರಾಂ, ಎರಡನೆಯದರಲ್ಲಿ 25.2. ಹೆಚ್ಚಾಗಿ ಬಂದ 10 ಗ್ರಾಮಿನಲ್ಲಿ 5.7 ಗ್ರಾಂ ಬರೀ ಬೂದಿ.

ನೊರೆಯ ಬಣ್ಣ, ಗುಳ್ಳೆಯ ಆಕಾರ ನೋಡುತ್ತಾ ಇರಿ. ಮೊದಲ ಅರ್ಧ ನಿಮಿಷ ನೊರೆ ಎಣ್ಣೆಗಪ್ಪು, ಗುಳ್ಳೆಯ ಮೈ ತುಂಬಾ ಕಣ, ಒಳಗೆ ಬೆಳಕು ಕಾಣುವುದಿಲ್ಲ. ಕೈಬೆರಳಿಗೆ ತಾಗಿಸಿದರೆ ನುಣುಪು. ಒಂದು ನಿಮಿಷ ದಾಟಿದ ಮೇಲೆ ಗುಳ್ಳೆಗೆ ಕಿಟಕಿ ಬೀಳುತ್ತದೆ, ಪಾರದರ್ಶಕ ಆಗುತ್ತದೆ, ಬಣ್ಣ ಬೂದು. ಆಗ ಬರುತ್ತಿರುವುದು ಹೆಚ್ಚಾಗಿ ನೀರು ಮತ್ತು ಕಲ್ಲು-ಕಲ್ಲಿದ್ದಲು ಅಂಟಿಕೊಂಡ ಬೆರಕೆ ಕಣ. ಟ್ರೇಗೆ ಬಿದ್ದ ಮೇಲೂ ನೊರೆ ಒಡೆಯದೆ ಗಂಟೆಗಟ್ಟಲೆ ನಿಂತರೆ ಫ್ರಾದರ್ ಜಾಸ್ತಿ ಆಗಿದೆ. ನೊರೆ ಚಪ್ಪಟೆಯಾಗಿ ಕುಸಿದು, ಮೇಲೆ ಜಿಡ್ಡಿನ ಹೆಪ್ಪು ತೇಲಿದರೆ ಡೀಸೆಲ್ ಜಾಸ್ತಿ. ಎಣ್ಣೆ ಮಿತಿ ಮೀರಿದರೆ ನೊರೆಯನ್ನೇ ಕೊಲ್ಲುತ್ತದೆ. ಕಲ್ಲಿದ್ದಲು ಬರಲಿಲ್ಲ ಅಂದ ಕೂಡಲೇ ಇನ್ನೂ ಐದು ಗೆರೆ ಡೀಸೆಲ್ ಒತ್ತುವ ಅಭ್ಯಾಸ ಬೇಡ.

ಬೂದಿ ನೋಡುವುದು

ಸೆಲ್ಲಿನಲ್ಲಿ ಉಳಿದದ್ದನ್ನೂ ಒಂದು ಹನಿ ಬಿಡದೆ ತೊಳೆದು ತೆಗೆಯಿರಿ. ಎಲ್ಲವನ್ನೂ ಸೋಸಿ, ಓವನ್‌ನಲ್ಲಿ ಒಣಗಿಸಿ, ತಣ್ಣಗಾದ ಮೇಲೆ ತೂಕ ಮಾಡಿ. ನೊರೆ ಮತ್ತು ಕೆಳಗಿನದ್ದು ಸೇರಿ 200 ಗ್ರಾಮಿನ ಹತ್ತಿರ ಬರಬೇಕು. ಐದಾರು ಗ್ರಾಂ ಕಾಣೆಯಾಗಿದ್ದರೆ ಎಲ್ಲೋ ಚೆಲ್ಲಿದೆ, ಪರೀಕ್ಷೆ ಮತ್ತೆ ಮಾಡಿ.

ಬೂದಿ ಪರೀಕ್ಷೆಗೆ ಪ್ರತಿ ಟ್ರೇಯಿಂದ ಸ್ವಲ್ಪ ತೆಗೆದು 212 ಮೈಕ್ರಾನ್ ಜರಡಿ ಇಳಿಯುವ ಹಾಗೆ ಅರೆದು, ಒಂದು ಗ್ರಾಂ ತೂಕ ಮಾಡಿ ಸಿಲಿಕಾ ತಟ್ಟೆಯಲ್ಲಿ ತೆಳ್ಳಗೆ ಹರಡಿ. ತಣ್ಣಗಿನ ಫರ್ನೇಸಿಗೆ ಇಟ್ಟು ನಿಧಾನಕ್ಕೆ 500 ಡಿಗ್ರಿ, ಅಲ್ಲಿಂದ 815 ಡಿಗ್ರಿಗೆ ಏರಿಸಿ ಒಂದು ಗಂಟೆ ಇಡಿ. ಒಮ್ಮೆಲೇ ಬಿಸಿ ಫರ್ನೇಸಿಗೆ ನುಗ್ಗಿಸಿದರೆ ಪುಡಿ ಹಾರುತ್ತದೆ. ಡೆಸಿಕೇಟರಿನಲ್ಲಿ ತಣಿಸಿ ತೂಕ. ನಮ್ಮ ಮಳೆಗಾಲದ ಹವೆಯಲ್ಲಿ ಡೆಸಿಕೇಟರ್ ಬಿಟ್ಟು ಹೊರಗಿಟ್ಟರೆ ನೋಡನೋಡುತ್ತಲೇ ತೂಕ ಏರುತ್ತದೆ.

ಲೆಕ್ಕ ಸುಲಭ. ತಂದ ಕಲ್ಲಿದ್ದಲಿನ ಬೂದಿ ಶೇಕಡಾ 28 ಇತ್ತು ಅಂತಿಟ್ಟುಕೊಳ್ಳಿ. 200 ಗ್ರಾಮಿನಲ್ಲಿ 56 ಗ್ರಾಂ. ನೊರೆ 130 ಗ್ರಾಂ, ಬೂದಿ ಶೇಕಡಾ 15, ಅಂದರೆ 19.5 ಗ್ರಾಂ. ಉಳಿದ 70 ಗ್ರಾಮಿನಲ್ಲಿ 36.5 ಗ್ರಾಂ ಬೂದಿ ಇರಬೇಕು, ಶೇಕಡಾ 52.1. ನೀವು ಸುಟ್ಟು ನೋಡಿದಾಗ ಅದು 52ರ ಹತ್ತಿರ ಬಂದರೆ ಕೆಲಸ ಸರಿಯಾಗಿದೆ. ಇಳುವರಿ ಶೇಕಡಾ 65. ಉರಿಯುವ ಭಾಗ ಎಷ್ಟು ಉಳಿಸಿದ್ದೇವೆ ಅಂತ ಬೇಕಾದರೆ 65ನ್ನು 85ರಿಂದ ಗುಣಿಸಿ 72ರಿಂದ ಭಾಗಿಸಿ. ಶೇಕಡಾ 76.7 ಬರುತ್ತದೆ. 85 ಅಂದರೆ ನೊರೆಯಲ್ಲಿ ಬೂದಿ ಬಿಟ್ಟು ಉಳಿದದ್ದು, 72 ಅಂದರೆ ತಂದ ಮಾಲಿನಲ್ಲಿ ಬೂದಿ ಬಿಟ್ಟು ಉಳಿದದ್ದು. ನೊರೆಯ ಬೂದಿ ಎಷ್ಟು, ಉರಿಯುವ ಭಾಗ ಎಷ್ಟು ಉಳಿಯಿತು, ಈ ಎರಡು ಸಂಖ್ಯೆ ಒಟ್ಟಿಗೇ ಹೇಳಬೇಕು. ಬೂದಿ ಇಳಿಸಿದೆ ಅಂತ ಮಾತ್ರ ಹೇಳುವುದರಲ್ಲಿ ಏನೂ ಇಲ್ಲ, ಒಂದೇ ಚಮಚ ನೊರೆ ತೆಗೆದರೆ ಬೂದಿ ಯಾವಾಗಲೂ ಕಡಿಮೆಯೇ. ಉಕ್ಕಿನ ಕುಲುಮೆಗೆ ಹೋಗುವ ನಮ್ಮ ದೇಶದ ಕೋಕಿಂಗ್ ಕಲ್ಲಿದ್ದಲನ್ನು ತೊಳೆದು ಶೇಕಡಾ 17, 18ರ ಬೂದಿಗೆ ತರುವುದು ವಾಡಿಕೆ. ಆ ಮಟ್ಟದಲ್ಲಿ ಎಷ್ಟು ಉಳಿಯಿತು ಅನ್ನುವುದೇ ವಾಷರಿಯವರು ಕೇಳುವ ಪ್ರಶ್ನೆ.

ಬೂದಿ ಇಳಿಯದಿದ್ದರೆ

ಇಲ್ಲಿ ತುಂಬಾ ಜನ ಕತ್ತಲಲ್ಲಿ ಕೈಯಾಡಿಸುತ್ತಾರೆ. ಕಾರಣ ತಿಳಿಯಲು ಒಂದು ನೇರ ದಾರಿ ಇದೆ. ಹೊಸ ಪೊಟ್ಟಣ ತೆಗೆದು ಮೇಲಿನ ಹಾಗೇ ನೊರೆ ತೆಗೆಯಿರಿ. ಒಣಗಿಸಬೇಡಿ. ಆ ನೊರೆಯನ್ನೇ ಮತ್ತೆ ಸೆಲ್ಲಿಗೆ ಹಾಕಿ, ಬಾಟಲಿಯಲ್ಲಿಟ್ಟ ಫ್ರಾದರ್ ನೀರು ತುಂಬಿ, ಡೀಸೆಲ್ ಹಾಕದೆ ಇನ್ನೊಮ್ಮೆ ನೊರೆ ಎಬ್ಬಿಸಿ. ಎರಡನೇ ಸಲದ ನೊರೆಯ ಬೂದಿ ನೋಡಿ.

ಬೂದಿ ಚೆನ್ನಾಗಿ ಇಳಿದರೆ, ಮೊದಲ ಸಲ ಬಂದ ಕಸ ನೀರಿನ ಜೊತೆ ಹತ್ತಿ ಬಂದ ಜೇಡಿ. ಮದ್ದು: ನೊರೆ ದಪ್ಪ ಇಡಿ, ನಿಧಾನಕ್ಕೆ ತೆಗೆಯಿರಿ, ನೊರೆಯ ಮೇಲೆ ಹೂವಿನ ಗಿಡಕ್ಕೆ ಹೊಡೆಯುವ ಸ್ಪ್ರೇಯಿಂದ ಸ್ವಲ್ಪ ನೀರು ಸಿಂಪಡಿಸಿ. ದೊಡ್ಡ ಕಾರ್ಖಾನೆಯ ಕಾಲಮ್ ಫ್ಲೋಟೇಶನ್‌ನಲ್ಲಿ ಇದನ್ನೇ ಮಾಡುತ್ತಾರೆ, ಎತ್ತರದ ನೊರೆಯ ಮೇಲೆ ನೀರು ಬಿಟ್ಟು ಜೇಡಿಯನ್ನು ಕೆಳಗೆ ತೊಳೆಯುತ್ತಾರೆ. ಆಸ್ಟ್ರೇಲಿಯಾದ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದ ಗ್ರೇಮ್ ಜೇಮ್ಸನ್ 1980ರ ದಶಕದಲ್ಲಿ ಮಾಡಿದ ಜೇಮ್ಸನ್ ಸೆಲ್‌ನಲ್ಲೂ ನೊರೆಗೆ ನೀರು ಹಾಯಿಸುವ ಏರ್ಪಾಡು ಇರುತ್ತದೆ. ಅದರಲ್ಲಿ ಇಂಪೆಲ್ಲರೇ ಇಲ್ಲ, ಕೊಳವೆಯೊಳಗೆ ರಭಸದಿಂದ ಇಳಿಯುವ ಕೆಸರಿನ ಧಾರೆ ತಾನೇ ಗಾಳಿ ಎಳೆದುಕೊಂಡು ನುಣ್ಣಗಿನ ಗುಳ್ಳೆ ಮಾಡುತ್ತದೆ.

ಎರಡನೇ ಸಲವೂ ಬೂದಿ ಅಲ್ಲಿಂದಲ್ಲಿಗೇ ಇದ್ದರೆ ಕಸ ಕಣದ ಒಳಗೇ ಸೇರಿಕೊಂಡಿದೆ. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಇದು ಜಾಸ್ತಿ. ಖನಿಜ ಮತ್ತು ಇಂಗಾಲ ನುಣ್ಣಗೆ ಹೆಣೆದುಕೊಂಡಿರುತ್ತವೆ. ಆಗ ನೊರೆಯ ಕೈಚಳಕದಿಂದ ಉಪಯೋಗ ಇಲ್ಲ. ಪುಡಿಯನ್ನು ಇನ್ನೂ ಸಣ್ಣ ಮಾಡಿ, ಉದಾಹರಣೆಗೆ 212 ಮೈಕ್ರಾನಿಗೆ ಇಳಿಸಿ, ಮತ್ತೆ ನೋಡಬೇಕು.

ಏನೇ ಬದಲಿಸಿದರೂ ಒಂದು ಸಲಕ್ಕೆ ಒಂದೇ. ಡೀಸೆಲ್ ನಾಲ್ಕು ಗೆರೆ, ಐದು, ಏಳು ಅಂತ ಮೂರು ಪೊಟ್ಟಣ ಮಾಡಿ. ಅದರಲ್ಲಿ ಒಳ್ಳೆಯದು ಸಿಕ್ಕ ಮೇಲೆ ಫ್ರಾದರ್ ಬದಲಿಸಿ. ಒಬ್ಬರೇ ಎಲ್ಲ ಪರೀಕ್ಷೆಗೂ ಹಲಗೆ ಹಿಡಿಯಲಿ, ಕೈ ಬದಲಾದರೆ ನೀರು ಬದಲಾಗುತ್ತದೆ.

ಉಳಿದ ಕೆಸರು

ಸೆಲ್ಲಿನ ಕೆಸರನ್ನೂ ಸೋಸಿದ ನೀರನ್ನೂ ಚರಂಡಿಗೆ, ಹಳ್ಳಕ್ಕೆ, ತೋಟದ ಕಾಲುವೆಗೆ ಬಿಡಬೇಡಿ. ಅದರಲ್ಲಿ ಡೀಸೆಲ್ ಇದೆ, ನುಣ್ಣಗಿನ ಜೇಡಿ ಇದೆ. ಮುಚ್ಚಳದ ಡ್ರಮ್ಮಿಗೆ ಸುರಿಯಿರಿ. ಎರಡು ದಿನ ಅಲುಗಾಡಿಸದೆ ಇಟ್ಟರೆ ದಪ್ಪದ್ದು ತಳಕ್ಕೆ ಕೂರುತ್ತದೆ. ಕೂರದಿದ್ದರೆ ಚಿಟಿಕೆ ಪಟಿಕ ಹಾಕಿ ನಿಧಾನಕ್ಕೆ ಕಲಕಿ. ಮೇಲಿನ ತಿಳಿ ನೀರನ್ನು ಕಾಲೇಜಿನ ಲ್ಯಾಬ್ ತ್ಯಾಜ್ಯಕ್ಕೇ ಕೊಡಿ. ಮತ್ತೆ ಸೆಲ್ಲಿಗೆ ಬಳಸಬೇಡಿ, ಅದರಲ್ಲಿ ಫ್ರಾದರ್ ಉಳಿದಿರುತ್ತದೆ. ತಳದ ಕೆಸರನ್ನು ಒಣಗಿಸಿ ಚೀಲಕ್ಕೆ ತುಂಬಿ, ಮೇಲೆ ತಾರೀಖು, ಪೊಟ್ಟಣದ ನಂಬರ್, ಬೂದಿ ಎಷ್ಟು ಅಂತ ಬರೆದು ಇಡಿ. ಲೆಕ್ಕ ಸರಿಹೊಂದದೇ ಇದ್ದಾಗ ಮತ್ತೊಮ್ಮೆ ಸುಟ್ಟು ನೋಡಲು ಇರುವುದು ಅದೊಂದೇ.